ಮಾಳಿಗೆಯ ಏರಿಯಲ್ಲಿನ ಕಥೆ

ಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತೆ ಕಾಣುವ ಟೆಲಿವಿಷನ್ ಏರಿಯಲ್ಲನ್ನು 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಉಡಾ ಮತ್ತು ಯಾಗಿ ಎಂಬ ವಿದ್ವಾಂಸರು ರೂಪಿಸಿದರು. ಸ್ವದೇಶ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1942ರಲ್ಲಿ ಸಿಂಗಪುರದಲ್ಲಿ ಕೈಗೆ ಸಿಕ್ಕ ಬ್ರಿಟಿಷರ ರಡಾರ್ ಟಿಪ್ಪಣಿಯಲ್ಲಿದ್ದ ‘ಯಾಗಿ’ ಎಂಬ ಮಾತು ಜಪಾನೀಯರಿಗೇ ಅರ್ಥವಾಗಲಿಲ್ಲವಂತೆ! ಯುದ್ಧಾನಂತರ ಅದು ಲೋಕದ ಮಾಳಿಗೆಗಳನ್ನೇರಿತು.

2009ರ ಜೂನ್ 12ರಂದು ಅಮೆರಿಕದ ಪ್ರಮುಖ ಕೇಂದ್ರಗಳು ಡಿಜಿಟಲ್ ಪ್ರಸಾರವನ್ನಷ್ಟೇ ಉಳಿಸಿಕೊಂಡವು. ಹಳೆಯ ಏರಿಯಲ್ಲಿನ ಕಾಲ ಮುಗಿಯಿತೇ? ಇಲ್ಲ. ಏರಿಯಲ್ಲು ಗುರುತಿಸುವುದು ಅಲೆಯ ಉದ್ದವನ್ನು. ಅದು ಹೊತ್ತ ಸಂದೇಶದ ಬಗೆಯನ್ನಲ್ಲ. ಅಲೆಯ ಸುಮಾರು ಅರ್ಧದಷ್ಟು ಉದ್ದದ ದಂಡವೇ ಅದರ ಜೀವ. ಕೇಂದ್ರಗಳು ವಿ.ಎಚ್.ಎಫ್. ಬಿಟ್ಟು ಯು.ಎಚ್.ಎಫ್.ಗೆ ಸರಿದ ಕಡೆ ಉದ್ದ ದಂಡದ ಏರಿಯಲ್ಲು ಸೋತಿತು. ಸರಿಯದ ಕಡೆ ಹಿಂದಿನಂತೆಯೇ ದುಡಿಯಿತು. ಕಿತ್ತೆಸೆಯುವ ಮುನ್ನ ದಂಡದ ಉದ್ದವನ್ನು ನೋಡುವುದು ಲೇಸು.