‘ಈ ಗುಳಿಗಿ ನನಗ ಆಗಿಬರೂದಿಲ್ಲ’: ಈ ಮಾತಿಗೂ ಒಂದು ಇತಿಹಾಸ ಇದೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿಗೆ ಹೋದರೂ ಹಿರಿಯರ ಬಾಯಲ್ಲಿ ಒಂದು ಮಾತು ಕೇಳುತ್ತದೆ: “ಈ ಗುಳಿಗಿ ನನಗ ಆಗಿಬರೂದಿಲ್ಲ.” ಮನೆಯವರು ಅದನ್ನು ಮುದುಕರ ಹಟ ಎಂದು ತಿಳಿಯುತ್ತಾರೆ. ಗದ್ದಲದ ದವಾಖಾನೆಯಲ್ಲಿ ಡಾಕ್ಟರಿಗೆ ಅದನ್ನು ಕೇಳಿಸಿಕೊಳ್ಳಲು ಪುರಸೊತ್ತು ಇರುವುದಿಲ್ಲ. ಆದರೆ ಒಂದೇ ಗುಳಿಗೆ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ವಿಷ ಆಗುವುದಕ್ಕೆ ಹುಟ್ಟಿನಿಂದಲೇ ಬಂದ ಕಾರಣ ಇರಬಹುದು. ಇದನ್ನು ವಿಜ್ಞಾನ ಹೇಗೆ ಕಂಡುಕೊಂಡಿತು, ನಮ್ಮ ಅಜ್ಜ-ಅಜ್ಜಿಯರಿಗೆ ಅದರಿಂದ ಏನು ಉಪಯೋಗ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಸತ್ತ ಮಣಕ, ಹಾಲಿನ ಕ್ಯಾನು

1933ರ ಫೆಬ್ರವರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೈತನೊಬ್ಬ ಹಿಮ ಸುರಿಯುವಾಗಲೇ ಗಾಡಿ ಕಟ್ಟಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಗಾಡಿಯಲ್ಲಿ ಸತ್ತ ಮಣಕ, ಹಾಲಿನ ಕ್ಯಾನಿನಲ್ಲಿ ಅದರ ರಕ್ತ, ಜೊತೆಗೆ ಬೂಸ್ಟು ಹಿಡಿದ ಮೇವು. ರಕ್ತ ಹೆಪ್ಪುಗಟ್ಟಿರಲೇ ಇಲ್ಲ. ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಅವರ ತಂಡ ವರ್ಷಗಟ್ಟಲೆ ದುಡಿದು, ಮೇವಿನಲ್ಲಿ ರಕ್ತ ತೆಳುವಾಗಿಸುವ ವಸ್ತು ಯಾವುದೆಂದು ಪತ್ತೆಹಚ್ಚಿತು. ಆ ದಾರಿಯಲ್ಲೇ ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣವಾಗಿ ಮಾರಾಟವಾದದ್ದು 1954ರಲ್ಲಿ ಮನುಷ್ಯರ ಔಷಧವಾಯಿತು.

ಇಂದಿಗೂ ಹೃದಯದ ಕವಾಟ ಬದಲಿಸಿಕೊಂಡವರು ವಾರ್ಫರಿನ್ ಅಥವಾ ಅದರ ಬಳಗದ ಅಸೆನೋಕೌಮರಾಲ್ ನುಂಗುತ್ತಾರೆ. ಆದರೆ ಒಬ್ಬರಿಗೆ ದಿನಕ್ಕೆ 1 ಮಿಲಿಗ್ರಾಂ ವಾರ್ಫರಿನ್ ಸಾಕಾದರೆ, ಇನ್ನೊಬ್ಬರಿಗೆ 10 ಬೇಕಾಗಬಹುದು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ರಕ್ತ ಗಡ್ಡೆಕಟ್ಟುವ ಅಪಾಯ. ಈ ವ್ಯತ್ಯಾಸಕ್ಕೆ ವಯಸ್ಸು, ಊಟ, ಬೇರೆ ಗುಳಿಗೆಗಳು ಕಾರಣವಾದಂತೆ ಎರಡು ವಂಶವಾಹಿಗಳೂ ದೊಡ್ಡ ಕಾರಣ ಎಂಬುದು ದಶಕಗಳ ನಂತರ ತಿಳಿಯಿತು.

ಮದ್ರಾಸಿನ ಕ್ಷಯ, ಆಪರೇಷನ್ ಕೋಣೆಯ ಉಸಿರು

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1952ರಲ್ಲಿ ಕ್ಷಯಕ್ಕೆ ಐಸೊನಯಜಿಡ್ ಗುಳಿಗೆ ಬಂತು. ಕೆಲವರ ದೇಹ ಅದನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಕೆಲವರ ದೇಹ ನಿಧಾನವಾಗಿ. ನಮ್ಮ ದಕ್ಷಿಣ ಭಾರತದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದವರು. 1956ರಲ್ಲಿ ಶುರುವಾದ ಮದ್ರಾಸಿನ ಕ್ಷಯ ಸಂಶೋಧನಾ ಕೇಂದ್ರದವರು ಬಡ ರೋಗಿಗಳಲ್ಲಿ ಇದನ್ನು ಅಧ್ಯಯನ ಮಾಡಿದರು. ವಾರಕ್ಕೊಮ್ಮೆ ಮಾತ್ರ ಔಷಧ ಕೊಟ್ಟಾಗ ಬೇಗ ಕರಗಿಸುವವರಿಗೆ ಅಷ್ಟು ಗುಣ ಕಾಣಲಿಲ್ಲ.

ಅದೇ ಕಾಲದಲ್ಲಿ ವರ್ನರ್ ಕ್ಯಾಲೋ ಎಂಬ ವಿಜ್ಞಾನಿ ಇನ್ನೊಂದು ಗಂಟು ಬಿಚ್ಚಿದರು. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಇಂಜೆಕ್ಷನ್ನಿನ ಪರಿಣಾಮ ಕೆಲವೇ ನಿಮಿಷದ್ದು. ಆದರೆ ಕೆಲವರಿಗೆ ಗಂಟೆಗಟ್ಟಲೆ ಉಸಿರಾಟವೇ ಮರಳುವುದಿಲ್ಲ. ಆ ಔಷಧವನ್ನು ಒಡೆಯುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಸರಿ ಇರುವುದಿಲ್ಲ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಹೆಚ್ಚು ಎಂದು ನಂತರ ಕಂಡುಬಂತು. ಇದು ಯಾರ ದೋಷವೂ ಅಲ್ಲ. ತಲೆತಲಾಂತರ ತಮ್ಮೊಳಗೇ ಸಂಬಂಧ ಬೆಳೆಸಿದ ಯಾವ ಸಮುದಾಯದಲ್ಲೂ ಇಂಥ ಒಂದೊಂದು ಗುಟ್ಟು ಇರಬಹುದು. ಮೊದಲೇ ಗೊತ್ತಿದ್ದರೆ ಅರಿವಳಿಕೆ ಡಾಕ್ಟರು ಬೇರೆ ಔಷಧ ಬಳಸುತ್ತಾರೆ, ಅಷ್ಟೇ.

1957ರಲ್ಲಿ ಆರ್ನೋ ಮೊಟುಲ್ಸ್ಕಿ ಇಂಥ ಸಂಗತಿಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿದರು. 1959ರಲ್ಲಿ ಫ್ರೆಡ್ರಿಕ್ ಫೋಗೆಲ್ ಇದಕ್ಕೆ ‘ಫಾರ್ಮಕೋಜೆನೆಟಿಕ್ಸ್’ ಎಂದು ಹೆಸರಿಟ್ಟರು. ವಂಶವಾಹಿ ನೋಡಿ ಔಷಧ ಆರಿಸುವ ವಿದ್ಯೆ ಎಂದು ತಿಳಿದುಕೊಳ್ಳಬಹುದು.

ಕಬ್ಬು ಬೆಲ್ಲ ಆಗದಿದ್ದರೆ

ನಮ್ಮ ಹಿರಿಯರಿಗೆ ತೀರಾ ಹತ್ತಿರದ ಉದಾಹರಣೆ ಕ್ಲೊಪಿಡೊಗ್ರೆಲ್. ಹೃದಯಾಘಾತ, ಸ್ಟೆಂಟ್, ಲಕ್ವ ಆದ ಮೇಲೆ ಕೊಡುವ ಗುಳಿಗೆ ಇದು. ನುಂಗಿದ ಕೂಡಲೇ ಇದು ಕೆಲಸ ಮಾಡುವುದಿಲ್ಲ. ಕಬ್ಬು ಗಾಣಕ್ಕೆ ಹೋಗಿ ಬೆಲ್ಲ ಆಗುವಂತೆ, ಯಕೃತ್ತಿನಲ್ಲಿ ಸಿವೈಪಿ2ಸಿ19 ಎಂಬ ಕಿಣ್ವ ಇದನ್ನು ಬದಲಿಸಬೇಕು. ಗಾಣ ನಿಧಾನವಾಗಿದ್ದರೆ ಗುಳಿಗೆ ನುಂಗಿಯೂ ಪೂರ್ತಿ ರಕ್ಷಣೆ ಸಿಗುವುದಿಲ್ಲ. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧದ ಮೇಲೆ 2010ರಲ್ಲಿ ಅಲ್ಲಿಯ ಸರ್ಕಾರ ಇದೇ ಕಾರಣಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಬ್ರಿಟನ್ನಿನಲ್ಲಿ ನೆಲೆಸಿದ ಬಾಂಗ್ಲಾದೇಶ, ಪಾಕಿಸ್ತಾನ ಮೂಲದವರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 57ರಷ್ಟು ಜನರಿಗೆ ಈ ಗಾಣ ಸ್ವಲ್ಪವೋ ಪೂರ್ತಿಯೋ ಮಂದ. ನಮ್ಮ ಉಪಖಂಡದವರಲ್ಲಿ ಇದು ಅಪರೂಪದ ಸಂಗತಿಯಲ್ಲ. ಹೊಟ್ಟೆ ಉರಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಒಮೆಪ್ರಜೋಲ್ ಕೂಡ ಇದೇ ಗಾಣವನ್ನು ತಡೆಯುತ್ತದೆ. ಹಾಗಾಗಿ ಕ್ಲೊಪಿಡೊಗ್ರೆಲ್ ನುಂಗುವವರು ಗ್ಯಾಸಿನ ಗುಳಿಗೆಯನ್ನೂ ಡಾಕ್ಟರಿಗೆ ಕೇಳಿಯೇ ತಗೋಬೇಕು.

ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಯೇ?

ಇಲ್ಲ. 2013ರಲ್ಲಿ ವಾರ್ಫರಿನ್ ಬಗ್ಗೆ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಯುರೋಪಿನಲ್ಲಿ ವಂಶವಾಹಿ ನೋಡಿ ಡೋಸ್ ಕೊಟ್ಟಾಗ ಅನುಕೂಲ ಕಂಡಿತು. ಅಮೆರಿಕದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಕಪ್ಪು ಜನರಲ್ಲಿ ಡೋಸ್ ಇನ್ನಷ್ಟು ತಪ್ಪಿತು. ಹುಡುಕಿದ ವಂಶವಾಹಿ ಬದಲಾವಣೆಗಳು ಹೆಚ್ಚಾಗಿ ಬಿಳಿಯರಲ್ಲಿ ಕಂಡವು, ಕಪ್ಪು ಜನರಲ್ಲಿ ಮುಖ್ಯವಾದವು ಪಟ್ಟಿಯಲ್ಲೇ ಇರಲಿಲ್ಲ. ಯಾರ ಲೆಕ್ಕ ಪುಸ್ತಕದಲ್ಲಿ ಇಲ್ಲವೋ ಅವರಿಗೆ ಆ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ. 2023ರಲ್ಲಿ ಮಾತ್ರ ಯುರೋಪಿನ 7 ದೇಶಗಳ ಸುಮಾರು 7,000 ರೋಗಿಗಳಲ್ಲಿ 12 ವಂಶವಾಹಿ ನೋಡಿ ಔಷಧ ಕೊಟ್ಟ ಅಧ್ಯಯನದಲ್ಲಿ ಅಡ್ಡಪರಿಣಾಮ ಶೇ 30ರಷ್ಟು ಕಡಿಮೆಯಾಯಿತು.

ನಮ್ಮ ಲೆಕ್ಕ ಬರೆಯುವ ಕೆಲಸವೂ ಶುರುವಾಗಿದೆ, ಅದೂ ಕರ್ನಾಟಕದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ಆರೋಗ್ಯ, ನೆನಪು, ವಂಶವಾಹಿಗಳನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಇದೇ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿದ ‘ಜಿನೋಮ್ ಇಂಡಿಯಾ’ ಯೋಜನೆ 10,000 ಭಾರತೀಯರ ವಂಶವಾಹಿ ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಿತು. ರಕ್ತ ಕೊಟ್ಟ ಹಳ್ಳಿಯವರಿಗೆ ಇದರ ಫಲ ದವಾಖಾನೆಯ ಚೀಟಿಯಾಗಿ ಮರಳಬೇಕು. ಅದನ್ನು ಕೇಳುವ ಹಕ್ಕು ನಮ್ಮದು.

ಈಗ ನಾವು ಮಾಡಬಹುದಾದ್ದು

ಈ ಪರೀಕ್ಷೆ ತಾಲೂಕು ದವಾಖಾನೆಯಲ್ಲಿ ಆಗುವುದಿಲ್ಲ. ರಕ್ತವನ್ನೋ ಜೊಲ್ಲನ್ನೋ ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು. ಎಲ್ಲರಿಗೂ ಬೇಕಾಗಿಯೂ ಇಲ್ಲ. ಫೋನಿನಲ್ಲಿ ಬರುವ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ. ಸ್ಟೆಂಟ್ ಹಾಕಿಸಿಕೊಂಡ ಮೇಲೂ ಮತ್ತೆ ತೊಂದರೆ ಬಂದಿದ್ದರೆ, ಹಲವು ಗುಳಿಗೆ ಹಿಡಿಸದೇ ಹೋಗಿದ್ದರೆ ಮಾತ್ರ ತಜ್ಞ ಡಾಕ್ಟರನ್ನು ಕೇಳಿ.

ಆದರೆ ಖರ್ಚಿಲ್ಲದ ಒಂದು ಕೆಲಸ ಇಂದೇ ಆಗುತ್ತದೆ. ಮನೆಯ ಹಿರಿಯರ ಎಲ್ಲ ಗುಳಿಗೆಗಳ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಯಾವುದು ಆಗಿಬರಲಿಲ್ಲ, ಏನಾಯಿತು, ಯಾವ ವರ್ಷ ಎಂದೂ ಬರೆಯಿರಿ. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಅರಿವಳಿಕೆಯಿಂದ ಉಸಿರಿನ ತೊಂದರೆ ಆಗಿತ್ತೇ ಎಂದು ವಿಚಾರಿಸಿ ಸೇರಿಸಿ. ಆ ಹಾಳೆಯ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಘಟಪ್ರಭೆಗೆ ಹೋಗಲಿ, ಬೆಳಗಾವಿಗೆ ಹೋಗಲಿ, ಮೊದಲು ಅದನ್ನೇ ತೋರಿಸಿ. ಗುಳಿಗೆ ಹಿಡಿಸುತ್ತಿಲ್ಲ ಎಂದು ತಾವಾಗಿಯೇ ಬಿಡುವುದು ಮಾತ್ರ ಬೇಡ. ಸ್ಟೆಂಟ್ ಇರುವವರು ಹಾಗೆ ಬಿಟ್ಟರೆ ಜೀವಕ್ಕೇ ಕುತ್ತು.