ಕರ್ನಾಟಕದ ವಿಶ್ವವಿದ್ಯಾಲಯಗಳು ಮತ್ತು ರಾಜ್ಯ ಬಜೆಟ್

ಕರ್ನಾಟಕದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ‘ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000’ಕ್ಕೆ ಒಳಪಟ್ಟಿದ್ದು, ವಿಧಾನಮಂಡಲವು ಇದಕ್ಕೆ ತಿದ್ದುಪಡಿ ತಂದು ಹೊಸ ವಿಶ್ವವಿದ್ಯಾಲಯವನ್ನು ಸ್ಥಾಪಿಸಬಹುದಾದರೂ, ಅದರ ಬೋಧಕರ ವೇತನ, ಕಟ್ಟಡ, ಪ್ರಯೋಗಾಲಯಗಳಿಗೆ ವರ್ಷವರ್ಷವೂ ಬಜೆಟ್‌ನಲ್ಲಿ ಅನುದಾನ ದೊರೆಯಬೇಕಾಗುತ್ತದೆ. 2023ರಲ್ಲಿ ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಆರಂಭವಾದ ಏಳು ವಿಶ್ವವಿದ್ಯಾಲಯಗಳಿಗೆ ಅಂಥ ಆಸರೆ ಸಾಕಷ್ಟು ಸಿಗದೆ, ಅವು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನೇ ನೆಚ್ಚಬೇಕಾಯಿತು.

ಹೊಸ ವಿಶ್ವವಿದ್ಯಾಲಯಕ್ಕಾಗಿ ಹಳೆಯದನ್ನು ವಿಭಜಿಸಿದಾಗ ಅದರ ಪೆಟ್ಟು ಮಾತೃಸಂಸ್ಥೆಗೂ ತಟ್ಟುತ್ತದೆ: ಜಿಲ್ಲೆಯ ಕಾಲೇಜುಗಳು ಕೈತಪ್ಪಿದಾಗ ಪರೀಕ್ಷಾ ಶುಲ್ಕವೂ ಸಂಯೋಜನಾ ಶುಲ್ಕವೂ, ಅಂದರೆ ವಿಶ್ವವಿದ್ಯಾಲಯದ ಅಧೀನದಲ್ಲಿರಲು ಕಾಲೇಜುಗಳು ಕಟ್ಟುವ ಹಣವೂ, ಕುಗ್ಗುತ್ತವೆ, ನಿವೃತ್ತರ ಪಿಂಚಣಿಯ ಹೊರೆ ಮಾತ್ರ ಹಾಗೆಯೇ ಉಳಿಯುತ್ತದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಇತ್ತೀಚಿನ ಸಂಕಷ್ಟಕ್ಕೆ ಇದೂ ಒಂದು ಕಾರಣ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಮೇಲಿನ ಏಳರಲ್ಲಿ ಬಹುಪಾಲನ್ನೂ ಒಳಗೊಂಡ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿದ್ದು, ಹಿಂದುಳಿದ ಜಿಲ್ಲೆಗಳ ವಿದ್ಯಾರ್ಥಿಗಳನ್ನು ಅನ್ಯಾಯವಾಗಿ ಅನಿಶ್ಚಿತತೆಗೆ ದೂಡಿತು.