ಪಾರ್ಶ್ವವಾಯುವಿನಲ್ಲಿ ಎನ್‌ಎಸ್‌ಇ: 33 ಎಂಬ ಮಿತಿಯ ಮೂಲ ಕುರಿತು ಟಿಪ್ಪಣಿ

1. ವ್ಯಾಪ್ತಿ
ಪಾರ್ಶ್ವವಾಯುವಿನ ನಿದಾನಕ್ಕೂ ರೋಗಿ ಬದುಕುಳಿಯುವ ಸಂಭವದ ಅಂದಾಜಿಗೂ ಪರಿಶೀಲನೆಗೆ ಒಳಗಾದ ರಕ್ತಕಿಣ್ವಗಳಲ್ಲಿ ನ್ಯೂರಾನ್ ಸ್ಪೆಸಿಫಿಕ್ ಇನೊಲೇಸ್ (ಮುಂದೆ ಎನ್‌ಎಸ್‌ಇ) ಮುಖ್ಯವಾದುದು. ಇದರ ಚರ್ಚೆಯಲ್ಲಿ ಲೀಟರಿಗೆ 33 ಮೈಕ್ರೋಗ್ರಾಂ ಎಂಬ ಮಿತಿ ಎದುರಾಗುತ್ತದೆ. ಆ ಅಂಕಿ ಎಲ್ಲಿಂದ ಬಂತು, ಪಾರ್ಶ್ವವಾಯುವಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

2. ಕಾಲಾನುಕ್ರಮ
ಮೂರ್ ಮತ್ತು ಮ್ಯಾಕ್‌ಗ್ರೆಗರ್ 1965ರಲ್ಲಿ ಮೆದುಳಿನ ಅಂಗಾಂಶದಿಂದ ಬೇರ್ಪಡಿಸಿದ ಪ್ರೋಟೀನು ಮೊದಲು 14-3-2 ಎಂದೇ ದಾಖಲಾಯಿತು. ಅದಕ್ಕೆ ಇನೊಲೇಸ್ ಚಟುವಟಿಕೆ ಇದೆಯೆಂದು ಬಾಕ್ ಮತ್ತು ಡಿಸ್ಸಿಂಗ್ ತೋರಿಸಿದ್ದು 1975ರಲ್ಲಿ. ಆದ್ದರಿಂದ ಪ್ರೋಟೀನಿನ ಶೋಧಕ್ಕೆ 1965, ಕಿಣ್ವವೆಂಬ ಗುರುತಿಗೆ 1975 ಎಂದು ಎರಡು ವರ್ಷಗಳನ್ನು ಬೇರೆಬೇರೆಯಾಗಿ ನಮೂದಿಸುವುದು ಸರಿ. ಇನ್ನೊಂದು ಅಂಶವನ್ನೂ ಗಮನಿಸಬೇಕು: ಇಂದಿನ ಪ್ರಯೋಗಾಲಯಗಳು ಸಾಮಾನ್ಯವಾಗಿ ಇಮ್ಯುನೊಅಸ್ಸೇ ವಿಧಾನದಿಂದ ಈ ಪ್ರೋಟೀನಿನ ಪ್ರಮಾಣವನ್ನು ಅಳೆಯುತ್ತವೆ, ಕಿಣ್ವದ ಚಟುವಟಿಕೆಯನ್ನಲ್ಲ.

3. ಮಿತಿಯ ಮೂಲ
ಹೃದಯಸ್ತಂಭನದ ನಂತರ ಪ್ರಜ್ಞೆ ಮರಳದ ರೋಗಿಗಳ ಅಧ್ಯಯನಗಳಲ್ಲಿ, ಮೀರಿದರೆ ಚೇತರಿಕೆ ಅಸಂಭವವೆಂದು ಸೂಚಿಸುವ ಮಿತಿಯಾಗಿ 33 ಕಾಣಸಿಗುತ್ತದೆ. 1997ರ ಫೋಗೆಲ್ ಮತ್ತು ಸಹಲೇಖಕರ ವರದಿ, 2006ರ ಝಾಂಡ್‌ಬರ್ಗೆನ್ ಮತ್ತು ಸಹಲೇಖಕರ ವರದಿ ಎರಡೂ ಈ ಗುಂಪಿನವು. ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿಯ 2006ರ ಮಾರ್ಗಸೂಚಿ 1ರಿಂದ 3ನೇ ದಿನದೊಳಗಿನ ಮಾಪನಕ್ಕೆ ಇದನ್ನೇ ಸ್ವೀಕರಿಸಿತು. ದೇಹದ ಉಷ್ಣತೆಯನ್ನು ತಗ್ಗಿಸಿಡುವ ಚಿಕಿತ್ಸೆ ಬಳಕೆಗೆ ಬಂದ ಮೇಲೆ, 33 ಮೀರಿದವರಲ್ಲೂ ಕೆಲವರು ಚೇತರಿಸಿಕೊಂಡದ್ದು ವರದಿಯಾಯಿತು. 2021ರ ಯುರೋಪಿಯನ್ ಮಾರ್ಗಸೂಚಿಯಲ್ಲಿ (48 ಮತ್ತು/ಅಥವಾ 72 ಗಂಟೆಗೆ) ಮಿತಿ 60ಕ್ಕೆ ಏರಿದೆ. ಅದೂ ಒಂಟಿ ಆಧಾರವಾಗಿ ಅಲ್ಲ, ಇತರ ಸೂಚಕಗಳ ಜೊತೆಗೆ.

ಹೃದಯಸ್ತಂಭನದಲ್ಲಿ ಇಡೀ ಮೆದುಳಿಗೆ ರಕ್ತ ನಿಲ್ಲುತ್ತದೆ. ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನಲ್ಲಿ ಹಾನಿ ಒಂದು ಭಾಗಕ್ಕೆ ಸೀಮಿತ. ಮೊದಲನೆಯದರ ಮಿತಿಯನ್ನು ಎರಡನೆಯದಕ್ಕೆ ಹಾಗೆಯೇ ಹಚ್ಚಲು ಆಧಾರ ಸಾಲದು ಎಂಬುದು ಈ ಲೇಖಕನ ಅಭಿಪ್ರಾಯ.

4. ರಕ್ತಮಾದರಿ
ಎನ್‌ಎಸ್‌ಇ ನರಕೋಶಗಳಲ್ಲಿ ಮಾತ್ರವಲ್ಲ, ಕೆಂಪು ರಕ್ತಕಣಗಳಲ್ಲೂ ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಸೂಜಿ ಸರಿಯಾಗಿ ಕೂರದೆ ರಕ್ತ ಎಳೆದಾಗ, ಅಥವಾ ಕೊಳವೆಯನ್ನು ಜೋರಾಗಿ ಕುಲುಕಿದಾಗ ಕಣಗಳು ಒಡೆಯುತ್ತವೆ. ಸೆಂಟ್ರಿಫ್ಯೂಜ್ ಆದ ಮೇಲೆ ತಿಳಿಹಳದಿ ಇರಬೇಕಾದ ಸೀರಂ ನಸುಗೆಂಪಾಗುತ್ತದೆ. ಆ ಮಾದರಿಯ ಎನ್‌ಎಸ್‌ಇ ಅಂಕಿಯನ್ನು ಮೆದುಳಿನ ಲೆಕ್ಕಕ್ಕೆ ಸೇರಿಸಲಾಗದು. ಕಣ್ಣಿಗೆ ಬಣ್ಣ ಕಾಣದಷ್ಟು ಅಲ್ಪ ಒಡೆತವೂ ಅಂಕಿಯನ್ನು ಏರಿಸಬಹುದಾದ್ದರಿಂದ, ಹೀಮೊಲಿಸಿಸ್ ಸೂಚ್ಯಂಕ ನಮೂದಿಸದ ವರದಿಗಳನ್ನು ಹೋಲಿಕೆಗೆ ಬಳಸುವಾಗ ಎಚ್ಚರ ಬೇಕು. ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು ಒಂದು ದಿನ ಅಥವಾ ತುಸು ಹೆಚ್ಚು. ಹೀಗಾಗಿ ಮಾದರಿ ತೆಗೆದ ಗಂಟೆಯೂ ಅಷ್ಟೇ ಮುಖ್ಯ. ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರಿನಲ್ಲೂ ಮಟ್ಟ ಏರುವುದುಂಟು.

5. ಪಾರ್ಶ್ವವಾಯುವಿನ ದತ್ತಾಂಶ
ಮಿಸ್ಲರ್ ಮತ್ತು ಸಹಲೇಖಕರು 1997ರಲ್ಲಿ 44 ರೋಗಿಗಳ ಸರಣಿ ಮಾದರಿಗಳನ್ನು ಪರಿಶೀಲಿಸಿದರು. ಎನ್‌ಎಸ್‌ಇಗೂ ಹಾನಿಗೊಂಡ ಭಾಗದ ಗಾತ್ರಕ್ಕೂ ಸಂಬಂಧ ಕಂಡಿತು. ರೋಗಿಯ ಮುಂದಿನ ಸ್ಥಿತಿಯೊಡನೆ ಗಣನೀಯ ಸಂಬಂಧ ಕಾಣಲಿಲ್ಲ. ಇದು ಚಿಕ್ಕ ಸರಣಿ. ನಿರಾಕರಣೆಗೂ ಸಮರ್ಥನೆಗೂ ಇದೊಂದೇ ಸಾಲದು. ಆದರೂ ಗಾತ್ರ ಮತ್ತು ಪರಿಣಾಮ ಒಂದೇ ಅಲ್ಲವೆಂಬುದು ಇಲ್ಲಿ ಸ್ಪಷ್ಟ: ಮೆದುಳುಕಾಂಡದ ಚಿಕ್ಕ ಗಾಯ ಕಿಣ್ವವನ್ನು ಅಲ್ಪವೇ ಬಿಡುಗಡೆ ಮಾಡಿಯೂ ಪ್ರಾಣಾಪಾಯ ತರಬಲ್ಲದು.

ನಿದಾನದ ಮಟ್ಟಿಗೆ ಹೇಳುವುದಾದರೆ, ಹೆಪ್ಪು ಕರಗಿಸುವ ಔಷಧಿ ಕೊಡಲು ರೂಢಿಗತ ಅವಧಿ ಲಕ್ಷಣ ಶುರುವಾದಾಗಿನಿಂದ 4.5 ಗಂಟೆ, ರಕ್ತಸ್ರಾವ ಇಲ್ಲವೆಂದು ಖಚಿತಪಡಿಸುವುದು ಸಿ.ಟಿ. ಅಥವಾ ಎಂ.ಆರ್.ಐ. ಅಮೆರಿಕದ 2019ರ ಮಾರ್ಗಸೂಚಿಯ ಪ್ರಕಾರ, ಆ ಔಷಧಿಗೆ ಮೊದಲು ಎಲ್ಲ ರೋಗಿಗಳಲ್ಲೂ ಕಡ್ಡಾಯವಾದ ರಕ್ತಪರೀಕ್ಷೆ ಗ್ಲೂಕೋಸ್ ಒಂದೇ.

6. ಹೋಲಿಕೆಗೆ: ಎಂಎಂಪಿ-9
ಮಾದರಿಯ ತೊಡಕು ಎನ್‌ಎಸ್‌ಇಗೆ ಮಾತ್ರ ಸೀಮಿತವಲ್ಲ. ಚಿಕಿತ್ಸೆಗೆ ಮುನ್ನ ಮ್ಯಾಟ್ರಿಕ್ಸ್ ಮೆಟಲೊಪ್ರೊಟೀನೇಸ್-9 (ಎಂಎಂಪಿ-9) ಎಂಬ ಇನ್ನೊಂದು ಕಿಣ್ವ ಹೆಚ್ಚಿದ್ದವರಲ್ಲಿ ಹೆಪ್ಪು ಕರಗಿಸಿದ ಬಳಿಕ ಮೆದುಳಿನ ರಕ್ತಸ್ರಾವದ ಸಂಭವ ಹೆಚ್ಚೆಂದು ಮೊಂಟಾನೆರ್ ಮತ್ತು ಸಹಲೇಖಕರು 2003ರಲ್ಲಿ ವರದಿ ಮಾಡಿದರು. ಇಲ್ಲೂ ಮಾದರಿಯ ತೊಡಕಿದೆ. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳು ಈ ಕಿಣ್ವವನ್ನು ಹೊರಬಿಡುವುದರಿಂದ ಸೀರಂನ ಅಂಕಿ ಪ್ಲಾಸ್ಮಾದ ಅಂಕಿಗಿಂತ ಮೇಲಿರುತ್ತದೆ. ಎರಡನ್ನೂ ಒಂದೇ ಕೋಷ್ಟಕದ ಒಂದೇ ಕಾಲಮ್ಮಿನಲ್ಲಿ ಇಡುವಂತಿಲ್ಲ.